ಅತಿವೇಗ ಮತ್ತು ಅಜಾಗರೂಕತೆಯಿಂದ

ಬಂಗಾರಪೇಟೆಗೆ ಹೋಗಿ ಪಾನಿಪುರಿ ತಿನ್ನದೆ ಬಂದರೆ ಊರಿಗೆ ಹೋದ ಲೆಕ್ಕವೇ ಅಲ್ಲ. ಬಣ್ಣವಿಲ್ಲದ ಆ ತಿಳಿನೀರಿನ ಪಾನಿಯನ್ನು ಈಗ ಬೆಂಗಳೂರಿನ ಗಲ್ಲಿಗಲ್ಲಿಯಲ್ಲೂ ಊರಿನ ಹೆಸರು ಹಾಕಿ ಮಾರುತ್ತಾರೆ, ಆದರೂ ಅಲ್ಲೇ ನಿಂತು ತಿನ್ನುವ ಚಟ ನನಗೆ ಬಿಟ್ಟಿಲ್ಲ. ತಂಗಿಯ ಮಗಳ ನಿಶ್ಚಿತಾರ್ಥ ಮುಗಿಸಿ ಹೊರಟವಳು ಕಾರು ನಿಲ್ಲಿಸಲು ಜಾಗ ಹುಡುಕುತ್ತಾ ನಿಧಾನಕ್ಕೆ ಬರುತ್ತಿದ್ದೆ. ಮುಂದಿನ ಆಟೋ ನಿಂತಿತು. ನಾನೂ ನಿಂತೆ. ನನ್ನ ಹಿಂದಿದ್ದವನು ನಿಲ್ಲಲಿಲ್ಲ.

ಟೊಮ್ಯಾಟೊ ಬಾಕ್ಸ್ ಹೇರಿಕೊಂಡಿದ್ದ ಪಿಕಪ್. ನನ್ನ ಕಾರಿನ ಡಿಕ್ಕಿಗೇ ಡಿಕ್ಕಿ. ಇಳಿದು ನೋಡಿದರೆ ಬಂಪರ್ ಒಳಗೆ ಹೋಗಿದೆ, ಡಿಕ್ಕಿಯ ಬಾಗಿಲು ಅರ್ಧ ತೆರೆದು ಆಕಳಿಸುತ್ತಿದೆ, ನಾಲ್ಕಾರು ಟೊಮ್ಯಾಟೊ ರಸ್ತೆಗೆ ಉರುಳಿ ಯಾರದೋ ಚಪ್ಪಲಿಯಡಿ ಸಿಕ್ಕಿವೆ. ಹುಡುಗನಿಗೆ ಇಪ್ಪತ್ತೆರಡು ಇಪ್ಪತ್ಮೂರು ಇರಬಹುದು. ಕೈಯಲ್ಲಿ ಇನ್ನೂ ಫೋನು, ಅದರೊಳಗಿನಿಂದ ಯಾರೋ "ಹಲೋ, ಹಲೋ" ಅನ್ನುತ್ತಲೇ ಇದ್ದಾರೆ.

"ಸಾರಿ ಆಂಟಿ. ಕಂಪ್ಲೇಂಟ್ ಮಾತ್ರ ಕೊಡಬೇಡಿ ಆಂಟಿ. ಓನರ್ ಸಂಬಳದಲ್ಲಿ ಹಿಡ್ಕೊಂಡ್ಬಿಡ್ತಾರೆ."

ಅಷ್ಟರಲ್ಲಿ ಜನ ಸೇರಿ ತೀರ್ಪು ಕೊಟ್ಟಾಗಿತ್ತು. ನಮ್ಮ ಕಡೆ ತೀರ್ಪು ಕೂಡ ಕನ್ನಡ, ತೆಲುಗು, ತಮಿಳು ಮೂರರಲ್ಲೂ ಬರುತ್ತದೆ. ಮೂರರಲ್ಲೂ ಒಂದೇ ಮಾತು: ಹಿಂದಿನಿಂದ ಗುದ್ದಿದವನದೇ ತಪ್ಪು. ನಾನು ಅವನ ಲೈಸೆನ್ಸು, ಆರ್‌ಸಿ, ಇನ್ಶೂರೆನ್ಸ್ ಮೂರರ ಫೋಟೊ ತೆಗೆದುಕೊಂಡೆ. ಗಾಡಿಯ ನಂಬರು ಕೆಎ 08, ಅಂದರೆ ನಮ್ಮ ಕೆಜಿಎಫ್ ಆರ್‌ಟಿಒದ್ದು. ಬೆಂಗಳೂರಿನಲ್ಲಿರುವ ಮಗನಿಗೆ ಫೋನ್ ಮಾಡಿದೆ.

"ಅಮ್ಮಾ, ನಮ್ಮ ಪಾಲಿಸೀಲೇ ಕ್ಲೇಮ್ ಮಾಡಿಬಿಡು. ಅವನ ಹಿಂದೆ ಹೋಗಬೇಡ."

"ತಪ್ಪು ಅವನದಲ್ವೇನೋ?"

"ತಪ್ಪು ಯಾರದಾದರೆ ಏನಮ್ಮಾ?"

ಈ ಮಾತನ್ನು ನಾನು ಮೊದಲು ಕೇಳಿದ್ದು ನನ್ನ ಅಪ್ಪನ ಬಾಯಲ್ಲಿ.

ಅಪ್ಪ ಚಾಂಪಿಯನ್ ರೀಫ್ ಗಣಿಯ ಟೈಮ್ ಆಫೀಸಿನಲ್ಲಿ ಗುಮಾಸ್ತರು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಆ ಗಣಿಯೊಳಗೆ ಅವರು ಕಾಲಿಟ್ಟದ್ದು ಎರಡೋ ಮೂರೋ ಸಲ. ಅವರ ಕೆಲಸವೆಲ್ಲ ಮೇಲೆ, ಯಾರು ಇಳಿದರು, ಯಾರು ಹತ್ತಿದರು ಅನ್ನುವ ಲೆಕ್ಕ. ಹೊತ್ತಲ್ಲದ ಹೊತ್ತಿನಲ್ಲಿ ಗಣಿಯ ಸಂಗು, ಅಂದರೆ ಸೈರನ್, ಊದಿದರೆ ತಟ್ಟಿ ಮನೆಗಳ ಹೆಂಗಸರು ಒಲೆ ಹಾಗೇ ಬಿಟ್ಟು ಶಾಫ್ಟ್ ಕಡೆ ಓಡುತ್ತಿದ್ದರು, ಅಪ್ಪ ಊಟದ ತಟ್ಟೆ ಬಿಟ್ಟು ರಿಜಿಸ್ಟರಿನ ಕಡೆ. ಬಂಡೆ ಸಿಡಿಯುವುದು ಅಲ್ಲಿ ಹೊಸದಲ್ಲ. ಆಮೇಲೆ ಕಾಂಪೆನ್ಸೇಷನ್ ಕಾಗದಗಳು ಶುರು. ಅದಕ್ಕೆ 1923ರ ಕಾರ್ಮಿಕರ ಪರಿಹಾರ ಕಾಯ್ದೆ, ಆ ಕಾಯ್ದೆಗೆ ಒಂದು ಪಟ್ಟಿ. ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ 30 ಹೋಯಿತು ಎಂದು ಲೆಕ್ಕ. ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರಬೆರಳು ಕಿರುಬೆರಳು ಯಾವುದಾದರೂ 7. ಒಂದು ಕಣ್ಣಿಗೆ 40. ಬೇರೆ ಮಕ್ಕಳು ಮಗ್ಗಿ ಕಲಿಯುವ ವಯಸ್ಸಿನಲ್ಲಿ ನನಗೆ ಇದು ಬಾಯಿಪಾಠವಾಗಿತ್ತು.

"ಅವನೇ ಕೈ ಕೊಟ್ಟಿದ್ದರೆ? ಅವನದೇ ತಪ್ಪಾಗಿದ್ದರೆ?" ಎಂದು ಒಂದು ದಿನ ಕೇಳಿದ್ದೆ.

"ತಪ್ಪು ಯಾರದಾದರೆ ಏನು ಮಗಳೇ? ಕುಡಿದು ಇಳಿದಿರಬಾರದು, ಬೇಕೂ ಅಂತ ರೂಲ್ಸ್ ಮುರಿದಿರಬಾರದು. ಅಷ್ಟು ಬಿಟ್ಟರೆ ನಾವು ತಪ್ಪು ಹುಡುಕಲ್ಲ, ಬೆರಳು ಎಣಿಸ್ತೀವಿ."

ಆಗ ಅದು ನನಗೆ ದೊಡ್ಡ ಧರ್ಮದ ಹಾಗೆ ಕಂಡಿತ್ತು. ಶ್ವಾಸಕೋಶಕ್ಕೆ ಕಲ್ಲಿನ ದೂಳು ಕಟ್ಟಿ ಕೆಮ್ಮುತ್ತಿದ್ದ ನಮ್ಮ ಪಕ್ಕದ ಲೈನಿನ ಮುದುಕರು ತಮ್ಮ ಎದೆಯ ಪರ್ಸೆಂಟೇಜಿಗಾಗಿ ವರ್ಷಗಟ್ಟಲೆ ಅಲೆದದ್ದು ನೆನಪಾದಾಗ ಈಗ ಅಷ್ಟು ಧೈರ್ಯವಾಗಿ ಧರ್ಮ ಅನ್ನಲಾರೆ. ಬೆರಳನ್ನು ಎಣಿಸಬಹುದು, ಉಸಿರನ್ನು ಎಣಿಸುವುದು ಕಷ್ಟ.

ಪಿಯುಸಿ ಮುಗಿಸಿ, ಟೈಪಿಂಗ್‌ನಲ್ಲಿ ಇಂಗ್ಲಿಷ್ ಸೀನಿಯರ್, ಕನ್ನಡ ಜೂನಿಯರ್ ಪಾಸಾಗಿ, 1990ರಲ್ಲಿ ರಾಬರ್ಟ್‌ಸನ್‌ಪೇಟೆಯ ವಕೀಲರೊಬ್ಬರ ಆಫೀಸಿಗೆ ಸೇರಿದೆ. ಬಳೆ ಅಂಗಡಿಯ ಮೇಲೆ ಒಂದು ಕೋಣೆ, ಒಂದು ರೆಮಿಂಗ್ಟನ್, ಒಬ್ಬಳು ನಾನು. ನಮ್ಮ ಸಾರ್ ಮಾಡುತ್ತಿದ್ದದ್ದು ಹೆಚ್ಚಿನಂಶ ಆಕ್ಸಿಡೆಂಟ್ ಕೇಸುಗಳು. ಗಣಿಯ ಪಟ್ಟಿಯಲ್ಲಿ ಬೆಳೆದವಳಿಗೆ ಇದು ತಲೆಕೆಳಗಾದ ಲೋಕ. ಇಲ್ಲಿ ಬೆರಳು ಎಣಿಸುವ ಮೊದಲು ತಪ್ಪು ತೋರಿಸಬೇಕು. ತಪ್ಪು ಎದುರಿನವನದೆಂದು ಸಾಬೀತಾದರೆ ಮಾತ್ರ ಕಾಲಿಗೆ ಬೆಲೆ.

ಹಾಗಾಗಿ ಪ್ರತಿ ಅರ್ಜಿಯಲ್ಲೂ ಒಂದು ಮಾತು ಇರಲೇಬೇಕು. ಇಂಗ್ಲಿಷಿನಲ್ಲಿ 'ರ‍್ಯಾಷ್ ಅಂಡ್ ನೆಗ್ಲಿಜೆಂಟ್'. ಠಾಣೆಯ ಕನ್ನಡದಲ್ಲಿ 'ತನ್ನ ಬಾಬ್ತು ವಾಹನವನ್ನು ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಬಂದು'. ಕಂಪ್ಲೇಂಟ್, ಎಫ್ಐಆರ್, ಮಹಜರು, ಚಾರ್ಜ್‌ಶೀಟು, ನಮ್ಮ ಅರ್ಜಿ, ಎಲ್ಲದರಲ್ಲೂ ಅದೇ ಸಾಲು, ದೇವರ ನಾಮದ ಪಲ್ಲವಿಯ ಹಾಗೆ. ನಾಲ್ಕು ಕಾರ್ಬನ್ ಕಾಪಿ ಅಂದರೆ ಐದು ಸಲ. ನಾಲ್ಕು ವರ್ಷದಲ್ಲಿ ಎಷ್ಟು ಜನರನ್ನು ಅತಿವೇಗದವರನ್ನಾಗಿ ಮಾಡಿದೆನೋ ಲೆಕ್ಕವಿಲ್ಲ. ಅವರಲ್ಲಿ ಒಬ್ಬ ಎತ್ತಿನ ಗಾಡಿಯವನೂ ಇದ್ದ ಅಂದರೆ ನಂಬಬೇಕು.

ಸಾರ್ ಕೆಟ್ಟವರಲ್ಲ. ಕೈಯಲ್ಲಿ ಕಾಸಿಲ್ಲದವರ ಕೇಸನ್ನೂ ಹಿಡಿಯುತ್ತಿದ್ದರು, ಕೋಲಾರದ ಟ್ರಿಬ್ಯೂನಲ್ಲಿಗೆ ಬಸ್ ಚಾರ್ಜ್ ತಾವೇ ಕೊಟ್ಟದ್ದೂ ಉಂಟು. ಬರುವ ಪರಿಹಾರದಲ್ಲಿ ವಕೀಲರು ಪಾಲು ಕೇಳಬಾರದು ಎಂದು ಅವರ ವೃತ್ತಿಯ ನಿಯಮ. ನಮ್ಮಲ್ಲಿ ಆ ಪಾಲಿಗೆ 'ಇತರೆ ಖರ್ಚು' ಎಂದು ಹೆಸರು. ಆ ಕಾಲಮ್ಮನ್ನು ಟೈಪ್ ಮಾಡುತ್ತಿದ್ದವಳೂ ನಾನೇ, ತಿಂಗಳಿಗೆ ಮುನ್ನೂರೈವತ್ತು ಸಂಬಳ ತೆಗೆದುಕೊಳ್ಳುತ್ತಿದ್ದವಳೂ ನಾನೇ.

1991ರ ಮಳೆಗಾಲದಲ್ಲಿ ನಮ್ಮ ಟ್ಯಾಕ್ಸಿ ಮಾಮ ಕುಂಟುತ್ತಾ ಆ ಮೆಟ್ಟಿಲು ಹತ್ತಿ ಬಂದರು. ಅವರದು ಹಳೇ ಅಂಬಾಸಿಡರ್. ಬಂಗಾರಪೇಟೆ ಸ್ಟೇಷನ್ನಿನ ಮುಂದೆ ನಿಲ್ಲುತ್ತಿತ್ತು. ಬೃಂದಾವನ್ ಎಕ್ಸ್‌ಪ್ರೆಸ್ ಹಿಡಿಯುವವರು, ಮದುವೆಯವರು, ಕೋಲಾರದ ಇಟಿಸಿಎಂ ಆಸ್ಪತ್ರೆಗೆ ಹೆರಿಗೆಗೆ ಹೊರಟವರು, ಎಲ್ಲರಿಗೂ ಅದೇ ಕಾರು. ನನ್ನ ತಂಗಿ ಹುಟ್ಟಿದ ರಾತ್ರಿ ಅಮ್ಮನನ್ನು ಕರೆದೊಯ್ದದ್ದೂ ಅವರೇ. ಮನೆಮಾತು ತಮಿಳು. ನನ್ನನ್ನು ಕೊನೆತನಕ "ಪಾಪಾ" ಎಂದೇ ಕರೆದರು.

ರಾತ್ರಿ ಎಂಟೂವರೆಗೆ ಬೆಮೆಲ್ ನಗರದ ಹತ್ತಿರದ ತಿರುವಿನಲ್ಲಿ ಎದುರಿನಿಂದ ಬಂದ ಲಾರಿ ಅವರ ಕಾರಿನ ಬಲಗಡೆಯನ್ನು ಸೀಳಿಕೊಂಡು ಹೋಗಿತ್ತು. ಮೊಣಕಾಲಿನ ಕೆಳಗೆ ಮೂಳೆ ಎರಡು ಕಡೆ ಮುರಿದಿತ್ತು. ಕಾರಿನ ರಿಪೇರಿಗೆ ಹತ್ತೊಂಬತ್ತು ಸಾವಿರದ ಎಸ್ಟಿಮೇಟು. ಮಾಮನ ಪಾಲಿಸಿ ಬರೀ 'ಆಕ್ಟ್ ಪಾಲಿಸಿ', ಅಂದರೆ ಕಾನೂನು ಕಡ್ಡಾಯ ಮಾಡಿರುವಷ್ಟೇ. ಅದರಲ್ಲಿ ಅವರ ಸ್ವಂತ ಕಾರಿಗೆ ಒಂದು ಬೋಲ್ಟೂ ಸಿಗದು.

"ಥರ್ಡ್ ಪಾರ್ಟಿ ಥರ್ಡ್ ಪಾರ್ಟಿ ಅಂತಾರಲ್ಲ ಪಾಪಾ, ಫಸ್ಟ್ ಪಾರ್ಟಿ ಸೆಕೆಂಡ್ ಪಾರ್ಟಿ ಯಾರು?"

ಪಾಲಿಸಿ ಕೊಂಡವನು ಮೊದಲನೆಯವನು, ಕಂಪೆನಿ ಎರಡನೆಯದು, ರಸ್ತೆಯಲ್ಲಿ ಅವನಿಗೆ ಸಿಕ್ಕಿಹಾಕಿಕೊಂಡ ಮಿಕ್ಕ ಪ್ರಪಂಚವೆಲ್ಲ ಮೂರನೆಯದು ಎಂದೆ. ಲಾರಿಯವನ ಪಾಲಿಸಿಗೆ ನೀವು ಮೂರನೆಯವರು, ಅವನ ಕಂಪೆನಿಯೇ ನಿಮಗೆ ಕೊಡಬೇಕು. "ಹಾಗಾದರೆ ಎರಡೂ ಗವರ್ಮೆಂಟ್ ಕಂಪೆನಿಯೇ ಅಲ್ಲವಾ, ಎಡಗೈಯಿಂದ ಬಲಗೈಗೆ" ಎಂದು ನಕ್ಕರು. ಅದೂ ನಿಜವೇ. 1973ರಲ್ಲಿ ಜನರಲ್ ಇನ್ಶೂರೆನ್ಸ್ ಪೂರ್ತಿ ಸರ್ಕಾರದ ಕೈಗೆ ಬಂದಮೇಲೆ ನಾಲ್ಕೇ ಕಂಪೆನಿ ಉಳಿದಿದ್ದವು, ನಾಲ್ಕೂ ಒಂದೇ ತಾಯಿಯ ಮಕ್ಕಳು.

ಆಮೇಲೆ ಸಾರ್ ಎದುರು ಕೂತು ಮಾಮ ನಡೆದದ್ದನ್ನೆಲ್ಲ ಹೇಳಿದರು. ಹೇಳುತ್ತಾ ಹೇಳುತ್ತಾ, "ನನ್ನ ಗಾಡಿದು ಬಲಗಡೆ ಲೈಟ್ ಎರಡು ದಿನದಿಂದ ಉರೀತಿರಲಿಲ್ಲ ಸಾರ್. ಬಲ್ಬ್ ಹಾಕಿಸಬೇಕು ಹಾಕಿಸಬೇಕು ಅಂತಿದ್ದೆ" ಅಂದರು.

ಸಾರ್ ಪೆನ್ನು ನಿಲ್ಲಿಸಿದರು. "ಅದನ್ನು ನೀವು ಹೇಳಲೂ ಇಲ್ಲ, ನಾನು ಕೇಳಲೂ ಇಲ್ಲ." ನನ್ನ ಕಡೆ ತಿರುಗಿ, "ಏನಮ್ಮಾ, ಟೈಪ್ ಮಾಡು."

ಸಾಕ್ಷಿ ಎಲ್ಲೂ ಇರಲಿಲ್ಲ. ಉರಿಯದ ಲೈಟು ಯಾವ ಕಡೆಯದೋ ಲಾರಿ ಪುಡಿ ಮಾಡಿದ್ದೂ ಅದೇ ಕಡೆ. ಮೋಟಾರ್ ಇನ್‌ಸ್ಪೆಕ್ಟರರ ವರದಿಯಲ್ಲಿ 'ಬಲಬದಿಯ ಹೆಡ್‌ಲೈಟ್ ಒಡೆದಿದೆ' ಎಂದಿತ್ತು. ಒಡೆಯುವ ಮೊದಲು ಉರಿಯುತ್ತಿತ್ತೋ ಇಲ್ಲವೋ ಒಡೆದ ಗಾಜು ಹೇಳುವುದಿಲ್ಲ. ನಾನು ಕಾರ್ಬನ್ ಜೋಡಿಸಿ ಟೈಪ್ ಮಾಡಿದೆ: ಅತಿವೇಗ ಮತ್ತು ಅಜಾಗರೂಕತೆಯಿಂದ. ಮಾಮನ ಕಾಲಿಗೆ ಹಾಕಿದ್ದ ಪ್ಲಾಸ್ಟರ್ ನನ್ನ ಮೇಜಿನ ಪಕ್ಕದಲ್ಲೇ ಇತ್ತು. ಆ ಹೊತ್ತಿಗೆ ನನಗೆ ಏನೂ ಅನ್ನಿಸಲಿಲ್ಲ ಎಂದೇ ಹೇಳಬೇಕು.

ಅನ್ನಿಸಿದ್ದು ಆರೇಳು ತಿಂಗಳ ಮೇಲೆ, ಕೆಜಿಎಫ್ ಕೋರ್ಟಿನ ಜಗುಲಿಯಲ್ಲಿ. ಲಾರಿ ಡ್ರೈವರ್ ಮೇಲಿನ ಕ್ರಿಮಿನಲ್ ಕೇಸು ಅಲ್ಲಿತ್ತು, ಐಪಿಸಿ ಸೆಕ್ಷನ್ 279 ಮತ್ತು 338. ಅದರ ನಕಲು ತೆಗೆಸಲು ನನ್ನನ್ನು ಕಳಿಸಿದ್ದರು. ಆ ಡ್ರೈವರ್ ಕಂಬಕ್ಕೆ ಒರಗಿ ನಿಂತಿದ್ದ. ಮುಳಬಾಗಿಲಿನ ಕಡೆಯವನು, ನನಗಿಂತ ನಾಲ್ಕೈದು ವರ್ಷ ದೊಡ್ಡವನಿರಬೇಕು. ನಾನು ಯಾವ ಕಡೆಯವಳೆಂದು ಅವನಿಗೆ ಗೊತ್ತಿರಲಿಲ್ಲ. ಕೈಯಲ್ಲಿದ್ದ ಕಾಗದ ಚಾಚಿ, "ಅಕ್ಕಾ, ಇಂದುಲೋ ಏಮುಂದಿ?" ಅಂದ. ಅವನು ಓದಿದ್ದು ತೆಲುಗು, ಅದೂ ಮೂರನೇ ಕ್ಲಾಸು. ಕನ್ನಡ ಅಕ್ಷರ ಒಂದೊಂದು ಗುರುತಾಗುತ್ತದೆ, ಕೂಡಿಸಿ ಓದಲಾಗುವುದಿಲ್ಲ.

ಓದಿದೆ. 'ಅಜಾಗರೂಕತೆ' ಬಂದಾಗ ಅಂದರೇನು ಎಂದು ಕೇಳಿದ. ನೂರಾರು ಸಲ ಟೈಪ್ ಮಾಡಿದ ಪದಕ್ಕೆ ಅರ್ಥ ಹೇಳಲು ತಡವರಿಸಿದೆ. ಎಚ್ಚರಿಕೆ ಇಲ್ಲದೆ ಓಡಿಸಿದೆ ಅಂತ, ಎಂದೆ.

ಅವನು ಜಗಳವಾಡಲಿಲ್ಲ. ಒಂದೇ ಲೈಟು ಕಂಡಿತು, ಅದೂ ರಸ್ತೆಯ ಆ ಅಂಚಿನಲ್ಲಿ, ಬೈಕು ಅಂದುಕೊಂಡೆ, ಬೈಕಿಗೆ ಇಷ್ಟು ಜಾಗ ಸಾಕಲ್ಲ ಎಂದು ಮಧ್ಯಕ್ಕೆ ಬಂದೆ. ಹತ್ತಿರ ಬಂದಾಗ ಅದು ಕಾರು. "ಆ ಲೈಟಿನ ವಿಷಯ ಇದರಲ್ಲಿ ಬರೆದಿದ್ದಾರಾ ಅಕ್ಕಾ?"

"ಇಲ್ಲ" ಅಂದೆ. ಅದಕ್ಕಿಂತ ಹೆಚ್ಚೇನೂ ಹೇಳಲಿಲ್ಲ.

ಒಳಗೆ ಹೋಗಿ ಅವನು ತಪ್ಪೊಪ್ಪಿಕೊಂಡ. ಒಪ್ಪಿಕೊಂಡರೆ ಅಂದೇ ಮುಗಿಯುತ್ತದೆ, ಇಲ್ಲವೆಂದರೆ ಎರಡು ವರ್ಷ ತಾರೀಖಿಗೆ ಅಲೆಯಬೇಕು, ಪ್ರತಿ ತಾರೀಖಿಗೂ ಒಂದು ದಿನದ ಬಾಡಿಗೆ ಹೋಗುತ್ತದೆ. ಸಾವಿರದ ಐನೂರು ದಂಡವನ್ನು ಲಾರಿ ಓನರಿನ ಕಡೆಯವರೇ ಕಟ್ಟಿದರು. ನಮ್ಮ ಸಾರ್‌ಗೆ ಆ ತಪ್ಪೊಪ್ಪಿಗೆಯ ನಕಲು ಸಿಕ್ಕಿದ್ದೇ ಹಬ್ಬ. ಟ್ರಿಬ್ಯೂನಲ್ಲಿನಲ್ಲಿ ಇನ್ನೇನು ಬೇಕು? ಎಷ್ಟೋ ರಸ್ತೆಗಳ ತಪ್ಪು ತೀರ್ಮಾನವಾದದ್ದು ಹೀಗೇ, ಕೋರ್ಟಿಗೆ ಇನ್ನೊಂದು ದಿನ ಬರಲು ಯಾರಿಗೆ ಪುರುಸೊತ್ತಿಲ್ಲವೋ ಅವರ ತಲೆಗೆ.

ಮಾಮನಿಗೆ 1994ರಲ್ಲಿ ಕಾಲಿಗೆಂದು ನಲವತ್ತೆರಡು ಸಾವಿರ ಬಂತು. ಕಾರಿಗೆ ಆರು ಸಾವಿರ. ಹತ್ತೊಂಬತ್ತಕ್ಕೆ ಆರು ಹೇಗೆ ಅಂದರೆ, 1988ರ ಮೋಟಾರು ವಾಹನ ಕಾಯ್ದೆಯ 147ನೇ ಸೆಕ್ಷನ್ನು ಮೂರನೆಯವನ ಆಸ್ತಿಗೆ ಆದ ನಷ್ಟಕ್ಕೆ ಪಾಲಿಸಿ ಕಡ್ಡಾಯವಾಗಿ ತುಂಬಿಕೊಡಬೇಕಾದ ಮಿತಿಯನ್ನು 6,000 ರೂಪಾಯಿಗೆ ನಿಲ್ಲಿಸಿತ್ತು. ಲಾರಿಯವನ ಪಾಲಿಸಿಯೂ ಅಷ್ಟಕ್ಕೇ. ಉಳಿದದ್ದನ್ನು ಲಾರಿ ಓನರಿನಿಂದ ವಸೂಲು ಮಾಡಿಕೊಳ್ಳಬಹುದು ಎಂದು ತೀರ್ಪಿನಲ್ಲಿತ್ತು. ಅಷ್ಟರಲ್ಲಿ ಆ ಓನರು ಲಾರಿ ಮಾರಿಯಾಗಿತ್ತು. ಮಾಮ ಅಂಬಾಸಿಡರನ್ನು ಗುಜರಿಗೆ ಹಾಕಿ ಕೊನೆತನಕ ಬೇರೆಯವರ ಗಾಡಿ ಓಡಿಸಿದರು. ಮೊದಲ ಸಲ ಆ ಚೆಕ್ಕು ಹಿಡಿದು ಬಂದಾಗ ನನಗೆ ಅರ್ಧ ಕೆಜಿ ಮೈಸೂರು ಪಾಕು ತಂದಿದ್ದರು. ತಿಂದೆ. ಅವರಿಗೆ ಬಂದ ಹಣ ನ್ಯಾಯವಲ್ಲ ಎಂದು ಅಂದೂ ಅನ್ನಿಸಿಲ್ಲ, ಇಂದೂ ಅನ್ನಿಸುವುದಿಲ್ಲ. ಆ ಹಣ ಬರಬೇಕಾದರೆ ಮುಳಬಾಗಿಲಿನ ಹುಡುಗನೊಬ್ಬ ಪೂರಾ ತಪ್ಪಿತಸ್ಥನಾಗಬೇಕಿತ್ತಲ್ಲ, ಅದು ಮಾತ್ರ ಇಂದಿಗೂ ಮುಳ್ಳಿನ ಹಾಗೆ ಕೂತಿದೆ. ಅರ್ಧರ್ಧ ತಪ್ಪು ಅನ್ನುವುದಕ್ಕೂ ಕಾನೂನಿನಲ್ಲಿ ಜಾಗವಿದೆ, ಇಬ್ಬರ ನಿರ್ಲಕ್ಷ್ಯವನ್ನೂ ಹಂಚಿ ಪರಿಹಾರದಲ್ಲಿ ಅಷ್ಟು ಕಳೆಯುತ್ತಾರೆ. ಕಳೆದಿದ್ದರೆ ಮಾಮನಿಗೆ ನಾಲ್ಕನೇ ಒಂದು ಪಾಲು ಕಡಿಮೆಯಾಗುತ್ತಿತ್ತೇನೋ. 'ಇತರೆ ಖರ್ಚಿ'ನಲ್ಲಿ ಹೋದದ್ದು ಅದಕ್ಕಿಂತ ಹೆಚ್ಚು.

ವಿಚಿತ್ರವೆಂದರೆ ನಾನು ಕೆಲಸ ಬಿಟ್ಟು ಮದುವೆಯಾಗಿ ಬೆಂಗಳೂರಿಗೆ ಹೋದ ಅದೇ 1994ರಲ್ಲಿ ಅಪ್ಪನ ಪಟ್ಟಿ ಗಣಿಯಿಂದ ಮೇಲೆ ಹತ್ತಿ ರಸ್ತೆಗೂ ಬಂತು. ಮೋಟಾರು ವಾಹನ ಕಾಯ್ದೆಗೆ 163-ಎ ಎಂಬ ಹೊಸ ಸೆಕ್ಷನ್ ಸೇರಿ, ವಯಸ್ಸು ಮತ್ತು ಆದಾಯದ ಕೋಷ್ಟಕ ನೋಡಿ, ತಪ್ಪು ಸಾಬೀತು ಮಾಡದೆಯೇ ಪರಿಹಾರ ಕೇಳಬಹುದಾಯಿತು. 2019ರ ತಿದ್ದುಪಡಿ ಆ ಕೋಷ್ಟಕವನ್ನು ತೆಗೆದು, ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಎಂದು ಒಂದೇ ಸಾಲಿನಲ್ಲಿ ಬರೆಯಿತು. ಅದಕ್ಕೂ ತಪ್ಪು ತೋರಿಸಬೇಕಿಲ್ಲ. ಹೆಚ್ಚು ಬೇಕಾದವರು ಹಳೇ ದಾರಿಯಲ್ಲೇ ಹೋಗಬೇಕು, ಅದೂ ಆರು ತಿಂಗಳೊಳಗೆ. ಅಪ್ಪನಿಗೆ ಇದನ್ನೆಲ್ಲ ಹೇಳಬೇಕಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಅವರು ರಿಟೈರಾಗಿ ಎಷ್ಟೋ ವರ್ಷವಾಗಿತ್ತು. ಆದರೂ ಆ ಸಂಜೆ ಸಂಗು ಊದಲಿಲ್ಲವೆಂದು ಗಡಿಯಾರ ನೋಡುತ್ತಾ ಕೂತಿದ್ದರು.

ಡಿಕ್ಕಿಯ ಬಾಗಿಲಿಗೆ ಹಗ್ಗ ಕಟ್ಟಿಕೊಂಡು ಮರುದಿನ ಕಾರನ್ನು ರಾಬರ್ಟ್‌ಸನ್‌ಪೇಟೆಯ ಗ್ಯಾರೇಜಿಗೆ ಒಯ್ದೆ. ದಾರಿಯಲ್ಲಿ ಗಣಿಯ ಸಯನೈಡ್ ದಿಬ್ಬಗಳು ಬಿಸಿಲಿಗೆ ಬೂದಿಯ ಬೆಟ್ಟಗಳಂತೆ ಹಾಗೇ ಇದ್ದವು. ಬಳೆ ಅಂಗಡಿ ಇದ್ದಲ್ಲಿ ಈಗ ಮೊಬೈಲ್ ಅಂಗಡಿ. ಮೆಟ್ಟಿಲು ಮಾತ್ರ ಅದೇ, ಮಧ್ಯದ ಎರಡು ಸವೆದಿರುವುದೂ ಅದೇ. ಹತ್ತಲಿಲ್ಲ.

ಗ್ಯಾರೇಜಿನವನು ಎಸ್ಟಿಮೇಟ್ ಹಾಕಿದ, ಮೂವತ್ತೆಂಟು ಸಾವಿರ. "ಅವನ ಇನ್ಶೂರೆನ್ಸಿಂದ ತಗೋಬಹುದಲ್ವಾ?" ಎಂದು ಸುಮ್ಮನೆ ಕೇಳಿದೆ, ಉತ್ತರ ಗೊತ್ತಿದ್ದೂ. ಈಗಿನ ಪಾಲಿಸಿಗಳಲ್ಲಿ ಮೂರನೆಯವನ ಆಸ್ತಿಗೆ 7.5 ಲಕ್ಷದವರೆಗೂ ಬರೆದಿರುತ್ತದೆ. ಆರು ಸಾವಿರದ ಕಾಲ ಹೋಯಿತು. ದಾರಿ ಮಾತ್ರ ಅದೇ: ಕಂಪ್ಲೇಂಟ್, ಎಫ್ಐಆರ್, ಇನ್‌ಸ್ಪೆಕ್ಟರ್ ವರದಿ, ಟ್ರಿಬ್ಯೂನಲ್. ಸೆಕ್ಷನ್ 279 ಹೋಗಿ 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 281 ಬಂದಿದೆ, ಒಳಗಿನ ಮಾತು ಬದಲಾಗಿಲ್ಲ. "ಅದೆಲ್ಲ ಯಾಕೆ ಮೇಡಂ? ನಿಮ್ಮದು ಫುಲ್ ಇನ್ಶೂರೆನ್ಸ್ ಇದೆ. ಹತ್ತು ದಿನದಲ್ಲಿ ಗಾಡಿ ತಗೊಂಡು ಹೋಗಿ."

ಕಂಪೆನಿಗಳ ನಡುವೆ 'ನಾಕ್ ಫಾರ್ ನಾಕ್' ಎಂಬ ಒಪ್ಪಂದವೊಂದಿದೆ. ಗುದ್ದಿಗೆ ಗುದ್ದು ಎನ್ನಬಹುದು, ಅರ್ಥ ಮಾತ್ರ ಉಲ್ಟಾ: ನಿಮ್ಮವರನ್ನು ನೀವು ನೋಡಿಕೊಳ್ಳಿ, ನಮ್ಮವರನ್ನು ನಾವು ನೋಡಿಕೊಳ್ಳುತ್ತೇವೆ, ತಪ್ಪು ಯಾರದೆಂದು ನಾವಿಬ್ಬರೂ ಕೋರ್ಟಿಗೆ ಹೋಗುವುದು ಬೇಡ. ಕಂಪೆನಿಗಳ ಮಟ್ಟಿಗೆ ಜಾಣತನವೇ. ನನ್ನ ಮಟ್ಟಿಗೆ ಲೆಕ್ಕ ಬೇರೆ. ಐದು ವರ್ಷ ಕ್ಲೇಮ್ ಮಾಡದೆ ಕೂಡಿಟ್ಟ ನೋ ಕ್ಲೇಮ್ ಬೋನಸ್ ನೂರಕ್ಕೆ 50ಕ್ಕೆ ಬಂದು ನಿಂತಿತ್ತು. ಈ ಕ್ಲೇಮಿನಿಂದ ಅದು ಸೊನ್ನೆಗೆ ಇಳಿಯುತ್ತದೆ, ಮತ್ತೆ 20ರಿಂದ ಏಣಿ ಹತ್ತಬೇಕು. ಪಿಕಪ್ಪಿನ ಓನರಿಗೆ ನಯಾಪೈಸೆ ಖರ್ಚಿಲ್ಲ. ಆ ಹುಡುಗನ ಫೋನ್ ಮಾತಿನ ಬಿಲ್ಲನ್ನು ನನ್ನ ಐದು ವರ್ಷದ ಜಾಗರೂಕತೆ ಕಟ್ಟುತ್ತಿದೆ.

ಮುಳಬಾಗಿಲಿನವನ ನೆನಪಿನಲ್ಲಿ ಈ ಹುಡುಗನನ್ನು ಕ್ಷಮಿಸಿಬಿಟ್ಟೆ ಎಂದು ಯಾರೂ ತಿಳಿಯಬಾರದು. ಇವನ ತಪ್ಪು ಪೂರ್ತಿ ಇವನದೇ. ನನ್ನ ಎರಡೂ ಬ್ರೇಕ್ ಲೈಟು ಉರಿಯುತ್ತಿದ್ದವು, ಬೆಳಿಗ್ಗೆಯೇ ನೋಡಿಕೊಂಡಿದ್ದೆ. ಆ ಅಂಬಾಸಿಡರಿನ ನಂತರ ಲೈಟು ನೋಡದೆ ನಾನು ಗಾಡಿ ಎತ್ತಿದ್ದೇ ಇಲ್ಲ. ಆದರೂ ಠಾಣೆಯ ಮೆಟ್ಟಿಲು ಹತ್ತದೆ ನಮ್ಮ ಪಾಲಿಸಿಯಲ್ಲೇ ಕ್ಲೇಮ್ ಹಾಕಿದೆ. ದಯೆಯೋ, ಸೋಮಾರಿತನವೋ, ಮಗ ಬೈಯುತ್ತಾನೆಂಬ ಭಯವೋ, ಮೂರನ್ನೂ ಹಂಚಿ ಪರ್ಸೆಂಟೇಜ್ ಹಾಕಲು ನನ್ನ ಕೈಲಾಗದು.

ಸರ್ವೇಯರ್ ಬರಲಿಲ್ಲ, ವಿಡಿಯೊ ಕಾಲ್ ಬಂತು. ಕಾರಿನ ಸುತ್ತ ಫೋನ್ ಹಿಡಿದು ಪ್ರದಕ್ಷಿಣೆ ಹಾಕಿದೆ. ಆಮೇಲೆ ಗ್ಯಾರೇಜಿನ ಹುಡುಗ ಕ್ಲೇಮ್ ಫಾರ್ಮ್ ತಂದುಕೊಟ್ಟ. ಅಪಘಾತ ಹೇಗಾಯಿತು ಎಂದು ಬರೆಯಲು ಅದರಲ್ಲಿ ಐದು ಗೆರೆ. ಕನ್ನಡದಲ್ಲಿ ಬರೆಯಬಹುದಾ ಎಂದೆ, ಬರೀರಿ ಮೇಡಂ ಅಂದ. ಪೆನ್ನು ತನ್ನಷ್ಟಕ್ಕೆ ತಾನೇ ಹೊರಟಿತು: 'ಸದರಿ ಪಿಕಪ್ ವಾಹನದ ಚಾಲಕನು ತನ್ನ ಬಾಬ್ತು ವಾಹನವನ್ನು ಅತಿವೇಗ ಮತ್ತು ಅಜಾಗರೂಕತೆಯಿಂದ'.

ಅಲ್ಲಿಗೆ ನಿಲ್ಲಿಸಿದೆ. ಸಂತೆಯ ರಸ್ತೆ, ಮುಂದೆ ಆಟೋ, ಬೆನ್ನಿಗೆ ಟೊಮ್ಯಾಟೊ ಹೊರೆ. ಇಪ್ಪತ್ತರ ಸ್ಪೀಡೂ ಇರಲಿಕ್ಕಿಲ್ಲ. 'ಅತಿವೇಗ ಮತ್ತು' ಎಂಬುದರ ಮೇಲೆ ಗೆರೆ ಎಳೆದು ಹೊಡೆದು ಹಾಕಿದೆ. 'ಅಜಾಗರೂಕತೆಯಿಂದ' ಉಳಿಸಿಕೊಂಡೆ. ಕೆಳಗೆ 'ಫೋನಿನಲ್ಲಿ ಮಾತನಾಡುತ್ತಾ' ಎಂದು ಸೇರಿಸಿದೆ.

ಹುಡುಗ ಫಾರ್ಮ್ ತಿರುಗಿಸಿ ನೋಡಿ, "ಹೊಡೆದು ಹಾಕಿರೋ ಕಡೆ ಒಂದು ಚಿಕ್ಕ ಸೈನ್ ಮಾಡಿ ಮೇಡಂ, ಇಲ್ಲಾಂದ್ರೆ ವಾಪಸ್ ಕಳಿಸ್ತಾರೆ" ಅಂದ.

ಮಾಡಿದೆ.